ನಾಲ್ಕು ಪಟ್ಟಿನ ದುರ್ಬೀನು

ಎಡಗೈ ಮೊಣಕೈಯಿಂದ ಕೆಳಗೆ ಹೋದ ಮೇಲೆ ಊರಿನವರೆಲ್ಲ ನನಗೆ ಹಣ್ಣು ತಂದುಕೊಟ್ಟರು. ಬಾಳೆಹಣ್ಣು, ಸೀಬೆಹಣ್ಣು, ಯಾರದೋ ಹಿತ್ತಲಿನ ಇನ್ನೂ ಹಣ್ಣಾಗದ ಸಪೋಟ. ಬಂದವರೆಲ್ಲ ಹಾಸಿಗೆ ಪಕ್ಕ ಕೂತು ಲೊಚಗುಟ್ಟಿ, "ಇನ್ನು ಆರಾಮಾಗಿ ಮನೇಲಿರು ದ್ಯಾವಮ್ಮ" ಎಂದು ಹೇಳಿ ಎದ್ದುಹೋಗುತ್ತಿದ್ದರು. ಆರಾಮವಂತೆ! ನನಗೆ ಮೈಯೆಲ್ಲ ಉರಿಯುತ್ತಿತ್ತು. ಈ ಊರಿನ ಗೆಣಸಿನ ಹೊಲಗಳಿಗೆಲ್ಲ ಕಾವಲು ನಾನು. ನನಗಿಂತ ಮುಂಚೆ ನಮ್ಮಪ್ಪ. ನನ್ನ ಕೈ ಸೀಳಿದ್ದು ಒಂದು ಒಂಟಿಹಂದಿ. ಅದು ಕಾಡಂಚಿನಲ್ಲಿ ಗೆಣಸು ಬಗೆದುಕೊಂಡು ಸುಖವಾಗಿರಬೇಕು, ನಾನು ಮನೆಯಲ್ಲಿ ಸೀಬೆಹಣ್ಣು ತಿಂದುಕೊಂಡು ಬಿದ್ದಿರಬೇಕು. ಇದು ಅವರ ಲೆಕ್ಕ.

ಗಾಯ ಮಾಯುತ್ತಿದ್ದ ಹಾಗೆ ಪಟೇಲ ಹುಚ್ಚೇಗೌಡರೇ ಮನೆಗೆ ಬಂದರು. ಒಳ್ಳೆಯ ಮನುಷ್ಯ, ಆದರೆ ಯಾವ ಮಾತನ್ನೂ ನೇರವಾಗಿ ಆಡಲು ಬರುವುದಿಲ್ಲ. ಕೆಮ್ಮಿದರು, ಸೂರು ನೋಡಿದರು, ನೀರು ಕುಡಿದರು. ಆಮೇಲೆ, "ನೋಡವ್ವ, ಗೆಣಸು ಕೀಳೋ ಹೊತ್ಗೆ ಆ ಹಂದಿ ಬೀಳ್ಬೇಕು. ನೀನೇ ಬೀಳಿಸಿದ್ರೆ ಕಾವಲು ನಿಂದೇ. ಇಲ್ದಿದ್ರೆ ತೋಪಯ್ಯಂಗೆ ಕೊಡ್ಬೇಕಾಯ್ತದೆ. ಊರಿನ ಹೊಟ್ಟೆ ಪ್ರಶ್ನೆ ನೋಡು" ಎಂದರು.

ತೋಪಯ್ಯ ನನ್ನ ಗಂಡನ ತಮ್ಮ. ಒಳ್ಳೆಯ ಗುರಿಗಾರ ಹೌದು, ಸುಳ್ಳು ಯಾಕೆ ಹೇಳಲಿ. ಆದರೆ ಕಾವಲು ಅವನ ಕೈಗೆ ಹೋದರೆ ನಾನು ಏನು? ಒಂಟಿಗೈ ಹೆಂಗಸು. ಎದುರಿಗೆ ಸಿಕ್ಕವರು ಪಾಪ ಅನ್ನುವುದು, ನಾನು ತಲೆ ತಗ್ಗಿಸುವುದು. ಇಷ್ಟೇ ಉಳಿದ ಆಯುಸ್ಸು. "ಬೀಳಿಸ್ತೀನಿ ಗೌಡ್ರೇ, ಇನ್ನೊಂದು ಕೈ ಐತಲ್ಲ" ಎಂದೆ. ಅವರು ನನ್ನ ಕಡೆ ನೋಡದೆ ಚಪ್ಪಲಿ ಹಾಕಿಕೊಂಡರು.

ಉದ್ದ ಕೋವಿಗೆ ಎರಡು ಕೈ ಬೇಕು. ಅಪ್ಪನ ಕೋವಿಯನ್ನು ಅದರ ದುರ್ಬೀನಿನ ಸಮೇತ ಕೋವಿ ಅಂಗಡಿಯ ನಂಜುಂಡಾಚಾರಿಗೆ ಕೊಟ್ಟು, ಅವನ ಹತ್ತಿರ ವರ್ಷಗಟ್ಟಲೆ ಗಿರಾಕಿ ಇಲ್ಲದೆ ಕೂತಿದ್ದ ಒಂದು ರಿವಾಲ್ವರ್ ತಂದೆ. ಬೇಟೆಗೆಂದೇ ಮಾಡಿದ್ದು, ನಳಿಗೆ ಗೇಣಿಗಿಂತ ಉದ್ದ, ತೂಕ ಒಂದು ಒಳ್ಳೆಯ ಕುಂಬಳಕಾಯಿಯಷ್ಟು. ಮರಳಿನ ಚೀಲದ ಮೇಲೆ ಅದರ ಮುಂಭಾಗ ಇಟ್ಟು ಒಂದು ಕೈಯಲ್ಲಿ ಹೊಡೆಯುವುದನ್ನು ಹಿತ್ತಲಲ್ಲಿ ಕಲಿತೆ. ಹತ್ತಿರದ ಗುರಿ ಸಿಗುತ್ತಿತ್ತು. ದೂರದ್ದು ಸಿಗುತ್ತಿರಲಿಲ್ಲ. ಐವತ್ತು ದಾಟಿದ ಕಣ್ಣು ನೋಡಿ. ಗುರಿ ಹಿಡಿಯಲು ನಳಿಗೆಯ ಮೇಲಿರುವ ಹಿಂದಿನ ಸೀಳು ಕಂಡರೆ ಮುಂದಿನ ಮೊಳೆ ಕಾಣದು, ಮೊಳೆ ಕಂಡರೆ ಅದರಾಚೆಯ ಹಂದಿ ಬರೀ ಮಬ್ಬು. ಕೋವಿಯ ಮೇಲೆ ಕೂರಿಸುವ ದುರ್ಬೀನು ಇಲ್ಲದೆ ನನ್ನ ಕೆಲಸ ಆಗುವುದಿಲ್ಲವೆಂದು ಗೊತ್ತಾಯಿತು.

ಬೇರೆ ಊರಾಗಿದ್ದರೆ ದುರ್ಬೀನು ಕೊಳ್ಳುವುದು ಒಂದು ವಿಷಯವೇ ಅಲ್ಲ. ನಮ್ಮೂರಲ್ಲಿ ಹಾಗಲ್ಲ. ಇಲ್ಲಿ ದೂರದ್ದನ್ನು ಹತ್ತಿರ ಮಾಡುವ ಗಾಜಿನೊಳಗಿಂದ ನೀವು ಯಾರನ್ನಾದರೂ ನೋಡಿದರೆ, ನಿಮಗೆ ಅವರು ಎಷ್ಟು ಹತ್ತಿರ ಕಾಣುತ್ತಾರೋ ಅವರಿಗೂ ನೀವು ಅಷ್ಟೇ ಹತ್ತಿರ ಕಾಣುತ್ತೀರಿ. ಹೊಳೆಯಾಚೆ ಕುರಿ ಮೇಯಿಸುವ ಮಗನನ್ನು ತಾಯಿ ಈಚೆ ದಡದಿಂದ ದುರ್ಬೀನಿನಲ್ಲಿ ನೋಡಿದರೆ, ಅವನ ಮೂಗಿನ ಮುಂದೆ ಅವಳ ಮುಖ ಬಂದು ನಿಲ್ಲುತ್ತದೆ; ಅವನು ಬೀಡಿ ಬಿಸಾಕಿ, ಊಟ ಆಯಿತು ಅಂತ ಕೈಸನ್ನೆ ಮಾಡುತ್ತಾನೆ. ಹೆಣ್ಣು ನೋಡುವ ಶಾಸ್ತ್ರವೂ ಅರ್ಧ ಹೀಗೇ ನಡೆಯುತ್ತದೆ, ಬೋಂಡ ಕಾಫಿಯ ಖರ್ಚಿಲ್ಲದೆ. ನನ್ನ ಮದುವೆ ಕುದುರಿದ್ದು ಹಾಗೆಯೇ. ಬೋರಯ್ಯ ಆಚೆ ದಡದಿಂದ ನನ್ನನ್ನು ನೋಡಿದ, ನನಗೆ ಅವನ ಹಲ್ಲು ಕಂಡಿತು, ಆದರೂ ಒಪ್ಪಿಕೊಂಡೆ.

ಇದಕ್ಕೆಲ್ಲ ರೀತಿ ನೀತಿ ಇದೆ. ಮನುಷ್ಯರನ್ನು ನೋಡುವಾಗ ಬರಿಮುಖದಲ್ಲಿ ನೋಡಿ, ಮೊದಲು ತಲೆಯಾಡಿಸಬೇಕು. ಬೇಟೆಯ ಪ್ರಾಣಿಯನ್ನು ನೋಡುವಾಗ ಕಣ್ಣಿಗೊಂದು ತೂತು ಬಿಟ್ಟ ಕರಿ ಮುಸುಕು ಹಾಕಿಕೊಳ್ಳಬೇಕು. ಯಾಕೆಂದರೆ ಒಮ್ಮೆ ಗಾಜಿನಲ್ಲಿ ಬರಿಮುಖ ತೋರಿಸಿದಿರೋ, ಪರಿಚಯ ಆಯಿತು. ಪರಿಚಯದವರ ಮೇಲೆ ಕೈ ಮಾಡುವ ಹಾಗಿಲ್ಲ. ತೋಪಯ್ಯನ ಹೆಂಡತಿ ಒಂದು ಸಲ ಅಕಸ್ಮಾತ್ತಾಗಿ ದುರ್ಬೀನಿನಲ್ಲಿ ತನ್ನದೇ ಕೋಳಿಯನ್ನು ಬರಿಮುಖದಲ್ಲಿ ನೋಡಿಬಿಟ್ಟಳು. ಆ ಕೋಳಿ ಮುದಿಯಾಗಿ, ಕಣ್ಣು ಮಂಜಾಗಿ, ತಾನಾಗಿ ಸತ್ತಿತು. ಯಾರೂ ಅದನ್ನು ಮುಟ್ಟಲಿಲ್ಲ. ಊರಿಗೆಲ್ಲ ಮುಸುಕು ಹೊಲಿದುಕೊಡುವವನು ನನ್ನ ಗಂಡ ಬೋರಯ್ಯ. ಟೈಲರ್ ಕೆಲಸದಲ್ಲಿ ಅವನಿಗೆ ಇರುವ ಮರ್ಯಾದೆಯೆಲ್ಲ ಅದರಿಂದಲೇ ಬಂದದ್ದು.

ಆಚಾರಿ ಅಂಗಡಿಗೆ ನಾನು ಬೆಳಿಗ್ಗೆಯೇ ಹೋದೆ. ಅವನು ರಿವಾಲ್ವರನ್ನು ಮೇಜಿನ ಮೇಲೆ ಇಡಿಸಿ, ನನ್ನ ಮೋಟುಗೈ ನೋಡಿ, ಏನೂ ಅನ್ನಲಿಲ್ಲ. ಅದೊಂದಕ್ಕೆ ಅವನಿಗೆ ದೇವರು ಒಳ್ಳೆಯದು ಮಾಡಲಿ. ಕಪಾಟಿನಿಂದ ನಾಲ್ಕು ದುರ್ಬೀನು ತೆಗೆದು ಹಳೆಯ ಬನಿಯನ್ ಬಟ್ಟೆಯ ಮೇಲೆ ಸಾಲಾಗಿ ಇಟ್ಟ. ಅತ್ತ ತುದಿಯಲ್ಲಿದ್ದದ್ದು ನೋಡಲು ಭಾರಿ ಚೆನ್ನಾಗಿತ್ತು. ನಾನು ಅದಕ್ಕೇ ಕೈ ಹಾಕಿದೆ.

"ಅದ್ ಬಿಡವ್ವ, ಅದು ಉದ್ದ ಕೋವೀದು. ಕೆನ್ನೆ ಒತ್ತಿಟ್ಟು ನೋಡೋರಿಗೆ ಸರಿ. ನೀನು ಕೈ ಚಾಚಿ ನೋಡೋಳು. ದೂರ ಹಿಡಿದ್ರೆ ಅದ್ರೊಳಗೆ ಬರೀ ಕತ್ಲೆ. ಕಾಣಲಿ ಅಂತ ಹತ್ರ ತಂದ್ಯೋ, ಗುಂಡು ಹಾರ್ದಾಗ ಒದ್ದು ಹುಬ್ಬು ಸೀಳ್ತದೆ."

"ಇರೋ ಮುಖಾನೂ ಹೋಗ್ಲಿ ಅಂತೀಯಾ?"

"ಅದಕ್ಕೇ ಹೇಳಿದ್ದು. ಕೈಕೋವಿಗೆ ಅಂತಲೇ ಮಾಡಿರೋವು ಈ ಮೂರು. ಎರಡು ಪಟ್ಟು, ನಾಲ್ಕು ಪಟ್ಟು, ಎಂಟು ಪಟ್ಟು. ಕೈ ಚಾಚಿದ್ರೂ ಪೂರ್ತಿ ಕಾಣ್ತವೆ. ನಾನು ಹೇಳೋದಾದ್ರೆ ಎರಡು ಪಟ್ಟಿಂದು ತಗೋ. ಹಗುರ. ಕೈ ನಡುಗಿದ್ರೂ ಕಾಣಕ್ಕಿಲ್ಲ. ಹಂದಿಗೂ ನೀನು ಅಷ್ಟೇನ್ ದೊಡ್ಡದಾಗಿ ಕಾಣಕ್ಕಿಲ್ಲ. ಎಲ್ಲಾರೂ ಅದನ್ನೇ ತಗೊಳ್ಳಾದು."

ಎಲ್ಲರೂ ಮಾಡುತ್ತಾರೆ ಅಂದರೆ ನನಗೆ ಮೊದಲಿನಿಂದಲೂ ಸ್ವಲ್ಪ ಅನುಮಾನ. ಮೂರನ್ನೂ ನೋಡಿಯೇ ತೀರುತ್ತೇನೆ ಎಂದೆ. ರಿವಾಲ್ವರ್ ಮುಟ್ಟದೆ ದುರ್ಬೀನು ಒಂದನ್ನೇ ಕೈಯಲ್ಲಿ ಹಿಡಿದು ಬಾಗಿಲಿಗೆ ಬಂದೆ. ಬೀದಿ ತುದಿಯ ಹೋಟೆಲಿನ ಮುಂದೆ ತೋಪಯ್ಯ ಕೂತು ಟೀ ಕುಡಿಯುತ್ತಿದ್ದ. ಎಂಟು ಪಟ್ಟಿನದರಲ್ಲಿ ಅವನನ್ನು ನೋಡಿ ಕ್ರಮಪ್ರಕಾರ ತಲೆಯಾಡಿಸಿದೆ. ಲೋಟದ ಮೇಲೆ ನನ್ನ ಮುಖ ಅಷ್ಟು ದೊಡ್ಡದಾಗಿ ಬಂದದ್ದಕ್ಕೆ ಅವನು ಬೆಚ್ಚಿ ಟೀಯೆಲ್ಲ ಪಂಚೆಯ ಮೇಲೆ ಚೆಲ್ಲಿಕೊಂಡ. ಅಲ್ಲಿಂದಲೇ, "ಅತ್ಗೇ, ನಿಮ್ಗೇನ್ ತಲೆ ಕೆಟ್ಟೈತಾ!" ಎಂದು ಕೂಗಿದ. ಆಚಾರಿ ನಕ್ಕ. ನಾನೂ ನಕ್ಕೆ, ಕೈ ಹೋದ ಮೇಲೆ ಮೊದಲ ಸಲ. ಆದರೆ ಎಂಟು ಪಟ್ಟು ನನಗಲ್ಲವೆಂದು ಆಗಲೇ ಗೊತ್ತಾಗಿತ್ತು. ನನ್ನ ಉಸಿರಿಗೇ ತೋಪಯ್ಯನ ಮೂಗು ಗಾಜಿನಲ್ಲಿ ಅತ್ತಿತ್ತ ಓಡಾಡುತ್ತಿತ್ತು.

ಇನ್ನು ಪ್ರಾಣಿಯನ್ನು ನೋಡಬೇಕಿತ್ತು. ಗಿರಣಿಯ ಜಗಲಿಯ ಮೇಲೆ ಒಂದು ಕೆಂದು ಬೀದಿನಾಯಿ ಮಲಗಿಕೊಂಡು ಇತ್ತ ನೋಡುತ್ತಿತ್ತು. ಚೀಲದಿಂದ ಮುಸುಕು ತೆಗೆದು ಹಾಕಿಕೊಂಡು ನಾಲ್ಕು ಪಟ್ಟಿನದರಲ್ಲಿ ಅದನ್ನು ನೋಡಿದೆ. ನಾಯಿ ದಿಢೀರನೆ ಎದ್ದು, ಹಲ್ಲು ಕಿರಿದು, ಬಾಲ ಮುದುರಿಕೊಂಡು ಗಿರಣಿಯೊಳಗೆ ನುಗ್ಗಿತು. ಸ್ವಲ್ಪ ಹೊತ್ತಿಗೆ ಅದು ಹೊರಗೆ ಬಂದು ಮತ್ತೆ ಮಲಗಿತು. ಎರಡು ಪಟ್ಟಿನದರಲ್ಲಿ ನೋಡಿದೆ. ಮತ್ತೆ ಹಾಗೆಯೇ ಓಡಿತು.

"ಆಚಾರಿ, ಈ ನಾಯಿ ಯಾಕಿಂಗಾಡ್ತದೆ?"

"ಎಲ್ಲಾ ನಾಯಿಗಳೂ ಹಿಂಗೇಯ. ಮುಸುಕು ಕಂಡ್ರೆ ಹೊಡೀತಾರೆ ಅಂತ ಗೊತ್ತು ಅವಕ್ಕೆ."

ಅವನು ಅದನ್ನು ಎಷ್ಟು ಸಲೀಸಾಗಿ ಹೇಳಿದನೆಂದರೆ, ನನಗೆ ನಿಂತ ಜಾಗದಲ್ಲೇ ಬೆವರು ಬಂತು. ಮೂರನೆಯ ಸಲ ನಾಯಿ ಹೊರಗೆ ಬಂದಾಗ ಮುಸುಕು ತೆಗೆದುಬಿಟ್ಟೆ. ಆಚಾರಿ, "ಅಯ್ಯೋ ಬ್ಯಾಡ, ಬ್ಯಾಡ, ಪರಿಚಯ ಆಗ್ಬಿಡ್ತದೆ" ಅಂದ. ಆಗಲಿ, ಬೀದಿನಾಯಿ ತಾನೆ. ನಾಲ್ಕು ಪಟ್ಟಿನದರಲ್ಲೇ ಬರಿಮುಖದಲ್ಲಿ ನೋಡಿದೆ. ನಾಯಿ ತಲೆ ಎತ್ತಿ ನನ್ನ ಮುಖ ನೋಡಿತು. ಕಿವಿ ನಿಮಿರಿಸಿತು. ಬಾಲ ಒಂದೆರಡು ಸಲ ನೆಲಕ್ಕೆ ಬಡಿಯಿತು. ಏಳಲೇ ಇಲ್ಲ.

ಹಂದಿ ನನ್ನ ಮೇಲೆ ಬಿದ್ದ ದಿನ ನೆನಪಾಯಿತು. ಗಾಳಿ ಅದರ ಕಡೆಯಿಂದ ಬರುತ್ತಿತ್ತು, ನನ್ನ ವಾಸನೆ ಅದಕ್ಕೆ ಸಿಕ್ಕಿರಲಿಲ್ಲ. ನೆಲದ ಮೇಲೆ ಕೂತಿದ್ದ ನಾನು ಅಲುಗಾಡಿರಲಿಲ್ಲ. ಮುಸುಕು ಹಾಕಿಕೊಂಡು ಕೋವಿಯ ದುರ್ಬೀನಿಗೆ ಕಣ್ಣಿಟ್ಟೆ, ಅಷ್ಟೇ. ಅದು ಗೆಣಸಿನಿಂದ ತಲೆ ಎತ್ತಿ ನೇರ ನನ್ನ ಕಡೆ ನುಗ್ಗಿತು. ನಾನು ಗಾಬರಿಯಲ್ಲಿ ಹೊಡೆದ ಗುಂಡು ಅದರ ಕಿವಿ ಹರಿದು ಹೋಯಿತು. ಅದರ ಕೋರೆ ನನ್ನ ಕೈ ಸಿಗಿಯಿತು. ಇಷ್ಟು ದಿನ ನಾನು ನನ್ನನ್ನೇ ಬೈದುಕೊಳ್ಳುತ್ತಿದ್ದೆ, ಎಲ್ಲೋ ಸದ್ದು ಮಾಡಿರಬೇಕು ಅಂತ. ಸದ್ದಲ್ಲ, ಈ ಹಾಳು ಬಟ್ಟೆ! ನಾವು ಮುಖ ಬಚ್ಚಿಡುತ್ತೇವೆ ಅಂದುಕೊಂಡು ಅಜ್ಜನ ಕಾಲದಿಂದ ಪ್ರಾಣಿಗಳಿಗೆ ಕರಿ ಬಾವುಟ ತೋರಿಸುತ್ತ ಬಂದಿದ್ದೆವು. ಕಾವಲು ವರ್ಷದಿಂದ ವರ್ಷಕ್ಕೆ ಕಷ್ಟವಾದದ್ದು ಯಾಕೆಂದು ಈಗ ತಿಳಿಯಿತು.

"ನಾಲ್ಕು ಪಟ್ಟಿಂದು ಕೂರಿಸು" ಎಂದೆ.

"ಎರಡು ಪಟ್ಟಿಂದು ಸಾಕು ಅಂದ್ನಲ್ಲ. ನಾಲ್ಕರಲ್ಲಿ ನಿನ್ ಮುಸುಕು ಅದಕ್ಕೆ ಚೆನ್ನಾಗಿ ಕಾಣ್ತದೆ."

"ಮುಸುಕು ಕಾಣಕ್ಕಿಲ್ಲ. ಮುಖ ಕಾಣ್ತದೆ. ಎರಡು ಪಟ್ಟಿಗೆ ನನ್ ಮುಖ ಅದಕ್ಕೆ ಏನೋ ಬಿಳಿ ಚುಕ್ಕೆ. ಎಂಟಕ್ಕೆ ನನ್ ಕೈ ನಿಲ್ಲಕ್ಕಿಲ್ಲ. ನಾಲ್ಕಕ್ಕೆ ಅದು ನಿಂತು ನೋಡ್ತದೆ. ನಿಂತು ನೋಡಿದ್ರೆ ನಂಗೆ ಸಾಕು."

ಆಚಾರಿ ತಿರುಪುಳಿ ಕೆಳಗಿಟ್ಟ. "ಬರಿಮುಖ ತೋರ್ಸಿ ಹೊಡೀತೀಯಾ? ಹಂಗ್ ಯಾರೂ ಮಾಡಿಲ್ಲವ್ವ. ಊರು ಒಪ್ಪಕ್ಕಿಲ್ಲ."

"ಊರು ಹಣ್ಣು ತಂದ್ಕೊಡ್ತು. ಸಾಕು."

ಆಚಾರಿ ದುರ್ಬೀನು ನಿಲ್ಲುವ ಹಿಡಿಕಟ್ಟು ಕೂರಿಸಿ, ತಿರುಪುಗಳನ್ನು ಒಂದೊಂದಾಗಿ ಬಿಗಿದ. ಕೈಕೋವಿ ಒದೆಯುವ ರಭಸಕ್ಕೆ ಅವು ಸಡಿಲವಾಗುತ್ತವೆ, ದಿನಾ ನೋಡಿಕೊಳ್ಳಬೇಕು ಎಂದ. ಮೋಟುಗೈಯನ್ನು ಗುಂಡು ತುಂಬುವ ಉರುಳೆಯ ಪಕ್ಕ ಮಾತ್ರ ಇಡಬೇಡ, ಸಂದಿಯಿಂದ ಬೆಂಕಿ ಉಗಿಯುತ್ತದೆ ಎಂದ.

ಮನೆಯಲ್ಲಿ ಬೋರಯ್ಯ ಕಾಜ ಹಾಕುತ್ತ ಕೂತಿದ್ದ. ನಾನು ವಿಷಯ ಹೇಳಿದೆ. ಸೂಜಿ ಚುಚ್ಚಿಕೊಂಡ. "ಅಯ್ಯೋ ಶಿವ್ನೇ! ಬಟ್ಟೆ ಕರಿ ಬ್ಯಾಡ್ವಾ? ಹಸಿರು ಹೊಲೀತೀನಿ ಕಣೇ. ಎಲೆ ಬಣ್ಣ. ಬೇಕಾದ್ರೆ ಹೂವ ಬರ್ಸಿ ಹೊಲೀತೀನಿ."

"ಹಸಿರಾದ್ರೆ ಒಂದು ವರ್ಷ. ಆಮೇಲೆ ಹಸಿರೂ ಗೊತ್ತಾಯ್ತದೆ ಅವಕ್ಕೆ."

"ಒಂದು ವರ್ಷ ಸಾಕಲ್ವಾ? ಒಂದು ಹಂದಿ ತಾನೆ!"

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹಸಿರು ಬಟ್ಟೆ ಹಾಕಿಕೊಂಡು ಹೋಗಬಹುದಿತ್ತು. ಆದರೆ ನನಗೆ ಹಟ ಹಿಡಿದಿತ್ತು. ಆ ಹಂದಿಗೆ ನನ್ನ ಕೈ ಗೊತ್ತು, ನಾನು ಯಾರೆಂದು ಗೊತ್ತಿಲ್ಲ. ಗೊತ್ತಾಗಲಿ ಅನ್ನಿಸುತ್ತಿತ್ತು. ಇದನ್ನು ಗಂಡನಿಗೆ ಬಿಡಿಸಿ ಹೇಳಲು ನನಗೆ ಬರಲಿಲ್ಲ. "ಸುಮ್ನೆ ಅನ್ನಕ್ಕಿಡು" ಎಂದೆ. ಅವನು ಅಕ್ಕಿ ಆರಿಸುತ್ತ, "ನಾನು ದಡದಾಗೆ ನಿನ್ ಮುಖ ನೋಡಿ ಮದ್ವೆ ಆದೆ, ಆ ಹಂದಿ ಏನಾಯ್ತದೋ" ಎಂದು ಗೊಣಗಿದ. ನನಗೆ ನಗು ಬಂತು, ಆದರೆ ತೋರಿಸಲಿಲ್ಲ.

ಗೆಣಸಿನ ಬಳ್ಳಿ ಹಳದಿಗೆ ತಿರುಗಿತ್ತು. ದಿನವೂ ಬೆಳಗಾಗುವ ಮುಂಚೆಯೇ ಹೋಗಿ ಅಟ್ಟಣೆಯ ಮೇಲೆ ಕೂರುತ್ತಿದ್ದೆ. ಒಂದು ಕೈಯಲ್ಲಿ ಏಣಿ ಹತ್ತುವುದು ದೊಡ್ಡ ಕಷ್ಟ. ರಿವಾಲ್ವರ್ ಕೊರಳಿಗೆ ನೇತುಹಾಕಿಕೊಂಡು ಮೆಟ್ಟಿಲಿಗೊಂದು ಬೈಗುಳ ಬೈಯುತ್ತ ಹತ್ತುತ್ತಿದ್ದೆ. ಹಂದಿ ಬರಲಿಲ್ಲ. ಮುಳ್ಳುಹಂದಿ ಬಂತು, ಮೊಲ ಬಂತು, ಒಂದು ದಿನ ನಾನು ಸತ್ತೆನೋ ಬದುಕಿದೆನೋ ನೋಡಲು ತೋಪಯ್ಯ ಬಂದ. "ಅತ್ಗೆ, ಸಾಕು ಬಿಡಿ. ನಾನೇನ್ ಬ್ಯಾರೆಯವ್ನಾ? ಕಾವಲು ಮನೇಲೇ ಉಳೀತದೆ" ಎಂದ. ಅವನ ದನಿಯಲ್ಲಿ ಕೆಟ್ಟತನ ಇರಲಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು ಬಂತು. "ನಾನು ಸತ್ತಾಗ ತಗೋ" ಎಂದೆ.

ಮಾರನೆಯ ದಿನ ಕೀಳಲು ಶುರುಮಾಡಬೇಕು ಎನ್ನುವ ಬೆಳಿಗ್ಗೆ ಅದು ಬಂತು. ಬೆಳಕು ಹರಿದಿತ್ತು. ಹೊಲದ ಆಚೆ ಬದುವಿನಲ್ಲಿ ಲಂಟಾನ ಪೊದೆ ಅಲ್ಲಾಡಿ, ಮೊದಲು ಮೂತಿ, ಆಮೇಲೆ ಆ ಗುಡ್ಡದಂಥ ಭುಜ. ಬರಿಗಣ್ಣಿಗೆ ಒಂದು ಕರಿ ಗುಂಡುಕಲ್ಲಿನಷ್ಟು ಕಾಣುತ್ತಿತ್ತು. ಇಲ್ಲದ ಎಡಗೈ ಬೆರಳುಗಳೆಲ್ಲ ಉರಿದವು. ರಿವಾಲ್ವರನ್ನು ಮರಳಿನ ಚೀಲದ ಮೇಲೆ ಇಟ್ಟೆ, ಕೈ ಚಾಚಿದೆ, ಬರಿಮುಖದಲ್ಲಿ ಗಾಜಿಗೆ ಕಣ್ಣು ಕೊಟ್ಟೆ.

ಹಂದಿ ಹತ್ತಿರ ಬಂತು. ಅದರ ಹರಿದ ಕಿವಿ ಕಂಡಿತು, ನಾನೇ ಹರಿದದ್ದು. ಮೂತಿಗೆ ಮಣ್ಣು ಮೆತ್ತಿತ್ತು, ಬಾಯಿಯಲ್ಲಿ ಅರ್ಧ ಗೆಣಸು. ಅದು ತಲೆ ಎತ್ತಿತು. ನನ್ನನ್ನು ನೋಡಿತು. ಓಡಲಿಲ್ಲ. ನುಗ್ಗಲಿಲ್ಲ. ಅಗಿಯುವುದನ್ನು ನಿಲ್ಲಿಸಿ ಸುಮ್ಮನೆ ನೋಡಿತು. ಅದಕ್ಕೆ ಮುಖ ಹೊಸದು. ಆಮೇಲೆ ಎರಡು ಹೆಜ್ಜೆ ಮುಂದೆ ಬಂದು, ನನ್ನ ಮುಖ ಇರುವ ಜಾಗಕ್ಕೆ ಮೂಗು ಚಾಚಿ ಮೂಸಿತು. ವಾಸನೆ ಸಿಗಲಿಲ್ಲವೆಂದು ಕಾಣುತ್ತದೆ, ಇನ್ನೊಮ್ಮೆ ಮೂಸಿತು. ಅದರ ರೆಪ್ಪೆಯ ಕೂದಲು ಬೆಳ್ಳಗಾಗಿದ್ದವು. ಮುದುಕ ಅದು. ಕಣ್ಣ ಕೊನೆಯಲ್ಲಿ ನೀರು. ನನಗೆ ಅಂಥದ್ದು ಆಗುತ್ತದೆಂದು ಯಾರಾದರೂ ಹೇಳಿದ್ದರೆ ನಾನು ಅವರ ಬಾಯಿಗೆ ಹೊಡೆಯುತ್ತಿದ್ದೆ. ಆದರೆ ಆ ಹೊತ್ತಿನಲ್ಲಿ ನನಗೆ ಅದರ ಮೇಲೆ ದ್ವೇಷ ಉಳಿದಿರಲಿಲ್ಲ. ಒಂದು ಚೂರೂ ಉಳಿದಿರಲಿಲ್ಲ. ಕಾವಲು ಮಾತ್ರ ಉಳಿದಿತ್ತು.

ಎದುರಿನಿಂದ ಹೊಡೆದರೆ ತಲೆಬುರುಡೆಗೆ ಬಡಿದು ಗುಂಡು ಜಾರಬಹುದು. ಅದು ಪಕ್ಕಕ್ಕೆ ತಿರುಗುವವರೆಗೂ ಕಾಯಬೇಕಿತ್ತು. ಕಾಯುವಷ್ಟು ಹೊತ್ತೂ ನಾವಿಬ್ಬರೂ ಮುಖ ಮುಖ ನೋಡುತ್ತಿದ್ದೆವು. ಕಣ್ಣು ತೆಗೆದರೆ ನನ್ನ ಮುಖ ಅದಕ್ಕೆ ಮಾಯವಾಗುತ್ತದೆ, ಬೆದರಿ ಓಡುತ್ತದೆ. ತೆಗೆಯಲಿಲ್ಲ. "ನಾನೇ ಕಣಪ್ಪ, ದ್ಯಾವಮ್ಮ" ಅಂದೆ. ಕೇಳಿಸುವುದಿಲ್ಲವೆಂದು ಗೊತ್ತು. ಕೊನೆಗೆ ಅದು ನನ್ನನ್ನು ಬಿಟ್ಟು ಗೆಣಸಿನ ಕಡೆ ತಿರುಗಿತು. ಮುಂಗಾಲಿನ ಹಿಂದೆ, ಎದೆಯ ಮೇಲೆ ಗಾಜಿನೊಳಗಿನ ಗುರಿಗೆರೆ ನಿಂತಿತು. ಹೊಡೆದೆ. ಅದು ಮೊಣಕಾಲೂರಿ, ಹಾಗೇ ಮಗ್ಗುಲಿಗೆ ಮಲಗಿತು. ನಾನು ಅಟ್ಟಣೆಯ ಮೇಲೆ ಕೂತು ಗಟ್ಟಿಯಾಗಿ ಅತ್ತೆ. ಗೆದ್ದೆ ಅಂತಲೂ ಅತ್ತೆ.

ನಾನು ಇಳಿದು ಹಂದಿಯ ಹತ್ತಿರ ಹೋಗುವಷ್ಟರಲ್ಲಿ ಸದ್ದು ಕೇಳಿ ಊರೇ ಬಂತು. ಬೋರಯ್ಯ ಎಲ್ಲರಿಗಿಂತ ಮುಂದೆ ಓಡಿಬಂದು ನನ್ನ ಮೈ ಕೈ ಮುಟ್ಟಿ ನೋಡಿದ. ಯಾರೋ ಮಾಂಸ ಹೊರಲು ಆಗಲೇ ಬೊಂಬು ತಂದಿದ್ದರು. ಪಟೇಲರು ಹಂದಿಯ ಸುತ್ತ ಒಂದು ಸುತ್ತು ಬಂದು, "ಭೇಷ್ ಕಣವ್ವ! ಕಾವಲು ನಿಂದೇ" ಎಂದರು. ಆಗ ತೋಪಯ್ಯ ನನ್ನ ಕಡೆ ನೋಡಿ, "ಅತ್ಗೆ, ಮುಸುಕೆಲ್ಲಿ?" ಎಂದ.

ನಾನು ಬಾಯಿ ತೆರೆಯುವ ಮುಂಚೆ ಬೋರಯ್ಯ ಜೇಬಿಗೆ ಕೈ ಹಾಕಿ ಒಂದು ಕರಿ ಮುಸುಕು ಎಳೆದ. "ಇಲ್ಲೈತೆ, ಇಲ್ಲೈತೆ. ಈಗ ಕೊಟ್ಳು ನಂಗೆ." ಮೂವತ್ತು ವರ್ಷದ ಸಂಸಾರದಲ್ಲಿ ಅವನು ಹೇಳಿದ ಸುಳ್ಳು ಅದೊಂದೇ ಇರಬೇಕು. ಮುಸುಕಿನ ಮೇಲೆ ಇಸ್ತ್ರಿಯ ಮಡಿಕೆ ಇನ್ನೂ ಹಾಗೇ ಇತ್ತು, ಪಟೇಲರೂ ಅದನ್ನು ನೋಡಿದರು. "ಹಾಕ್ಕೊಂಡಿದ್ಯಲ್ವಾ ದ್ಯಾವಮ್ಮ? ಹೂಂ ಅಂದ್ಬಿಡು, ಮುಗೀತು" ಎಂದರು ಮೆಲ್ಲಗೆ.

ಹೂಂ ಅಂದುಬಿಡಬಹುದಿತ್ತು. ಕಾವಲು ಕೈಗೆ ಬಂದಿತ್ತು, ಒಂದು ಹೂಂ ಅಷ್ಟೇ. ನಾನು ಹಂದಿಯ ಕಡೆ ನೋಡಿದೆ. ಅದರ ಕಣ್ಣು ತೆರೆದೇ ಇತ್ತು.

"ಇಲ್ಲ. ಬರಿಮುಖ ತೋರ್ಸೇ ಹೊಡ್ದೆ. ಅದು ನನ್ನ ಚೆನ್ನಾಗ್ ನೋಡ್ತು. ಮುಸುಕು ಕಂಡ್ರೆ ಅವಕ್ಕೆಲ್ಲ ಗೊತ್ತಾಯ್ತದೆ ಗೌಡ್ರೇ, ಅದಕ್ಕೇ ನನ್ ಕೈ ಹೋಗಿದ್ದು. ಬೇಕಾದ್ರೆ ನಾಯೀನ ನೋಡಿ."

ಬೊಂಬು ಹಿಡಿದವರು ಅದನ್ನು ಕೆಳಗೆ ಹಾಕಿದರು. ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು ಹಿಂದಕ್ಕೆ ಸರಿದರು. ಪರಿಚಯದ್ದನ್ನು ಕೊಂದಳು, ಪರಿಚಯದ್ದನ್ನು ಕೊಂದಳು ಎಂದು ಗುಸುಗುಸು ಶುರುವಾಯಿತು. ಪಟೇಲರು ತಲೆ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು. ಆ ಹೊತ್ತು ಮಾತ್ರ ಅವರು ನೇರವಾಗಿ ಮಾತಾಡಿದರು. "ಇದ್ರ ಮಾಂಸ ಯಾರೂ ತಿನ್ನಂಗಿಲ್ಲ. ಮಣ್ಣು ಮಾಡ್ಬೇಕು. ಕಾವಲು ನಿಂಗೆ ಇನ್ನು ಹೆಂಗವ್ವ ಕೊಡಾದು?" ಎಂದು, ತಿರುಗಿ, "ತೋಪಯ್ಯ, ನೀನ್ ತಗೋ" ಎಂದರು.

ನಾನು ರಿವಾಲ್ವರನ್ನು ಕೊರಳಿಂದ ತೆಗೆದು ತೋಪಯ್ಯನಿಗೆ ಚಾಚಿದೆ. "ತಗೋಪ್ಪ. ಮುಸುಕು ಹಾಕ್ಕೊಂಡ್ರೆ ನುಗ್ತಾವೆ, ಇಲ್ಲಾ ಓಡ್ತಾವೆ. ಬರಿಮುಖ ತೋರ್ಸಿದ್ರೆ ನಿಂತ್ಕೊತಾವೆ. ಹತ್ರ ಬಂದು ಮೂಸ್ತಾವೆ. ಆಮೇಲೆ ಹೊಡೀಬೇಕು. ಆಯ್ತದಾ ನೋಡು."

ತೋಪಯ್ಯ ರಿವಾಲ್ವರ್ ನೋಡಿದ. ಹಂದಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಅದರ ಮುಖವನ್ನು ಬಹಳ ಹೊತ್ತು ನೋಡಿದ. ಎದ್ದು ನಿಂತು, "ನನ್ ಕೈಲಿ ಆಗಕ್ಕಿಲ್ಲ" ಎಂದ. ಪಟೇಲರು ಬೇರೆಯವರ ಕಡೆ ನೋಡಿದರು. ಒಬ್ಬೊಬ್ಬರಾಗಿ ಎಲ್ಲರೂ ಗೆಣಸಿನ ಬಳ್ಳಿ ನೋಡುತ್ತ ನಿಂತರು. ನಾನು ಕೈ ಚಾಚಿಯೇ ಇದ್ದೆ, ರಿವಾಲ್ವರಿನ ಭಾರಕ್ಕೆ ಮಣಿಕಟ್ಟು ಸೋಲುವವರೆಗೂ. ಯಾರೂ ತೆಗೆದುಕೊಳ್ಳಲಿಲ್ಲ. ಮತ್ತೆ ಕೊರಳಿಗೆ ಹಾಕಿಕೊಂಡೆ.

ಹಳ್ಳ ತೋಡಿದ್ದು ಬೋರಯ್ಯ ಮತ್ತು ನಾನು. ಆಮೇಲೆ ತೋಪಯ್ಯನೂ ಬಂದು ಗುದ್ದಲಿ ಹಿಡಿದ. ಮಣ್ಣು ಮುಚ್ಚಿ ಮನೆಗೆ ಬಂದಾಗ ಮಧ್ಯಾಹ್ನ ಇಳಿದಿತ್ತು. ಕಾಡಂಚಿನಲ್ಲಿ ಇನ್ನೂ ಹಂದಿಗಳಿದ್ದವು, ಹೊಲದಲ್ಲಿ ಕೀಳುವ ಗೆಣಸಿತ್ತು. ಹೊತ್ತು ಮುಳುಗುವ ಮುಂಚೆ ನಾನು ಅಟ್ಟಣೆಗೆ ಹೊರಟೆ. ಹೊರಡುವ ಮೊದಲು ಬಚ್ಚಲಿಗೆ ಹೋಗಿ ಸೋಪು ಹಾಕಿ ಮುಖ ತೊಳೆದುಕೊಂಡೆ. ತಲೆ ಬಾಚಿ, ಹಣೆಗೆ ಕುಂಕುಮ ಇಟ್ಟುಕೊಂಡೆ. ಬೋರಯ್ಯ ಬಾಗಿಲಲ್ಲಿ ನಿಂತು ನೋಡಿ, "ಎಲ್ಲಿಗೆ ಇಷ್ಟೊಂದು ತಯಾರಿ?" ಎಂದ. ನಾನು ರಿವಾಲ್ವರ್ ಕೊರಳಿಗೆ ಹಾಕಿಕೊಂಡೆ. ಅವನು ಹತ್ತಿರ ಬಂದು, ಓರೆಯಾಗಿದ್ದ ಕುಂಕುಮವನ್ನು ಬೆರಳಿನಿಂದ ಸರಿಮಾಡಿದ.